ಹೆಡ್ ಸಿಸ್ಟರ್ ಕಾಫಿ ಮುಗಿಸುವವರೆಗೆ

ನಮ್ಮೂರಿನ ಜನ ಬಹಳ ಮರ್ಯಾದಸ್ಥರು ಅಂತ ಹೊರಗಿನಿಂದ ಬಂದವರು ಹೇಳುವುದುಂಟು. ಯಾರು ಎದುರಾದರೂ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುತ್ತಾರೆ, ಕಾಯಿಲೆಯವರ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ, ಬೀದಿಯಲ್ಲಿ ಗಂಡ ಹೆಂಡಿರು ಕೈ ಹಿಡಿದು ನಡೆಯುವುದಿಲ್ಲ. ಮರ್ಯಾದೆಯಂತೆ ಮರ್ಯಾದೆ! ಮರ್ಯಾದೆಯೂ ಇಲ್ಲ, ಮಣ್ಣೂ ಇಲ್ಲ. ನಮ್ಮೂರಲ್ಲಿ ಒಬ್ಬರ ಅಂಗೈಗೆ ಇನ್ನೊಬ್ಬರು ಅಂಗೈ ಕೊಟ್ಟರೆ ನೋವು ದಾಟುತ್ತದೆ. ಹಿಡಿದಷ್ಟು ಹೊತ್ತು ಅದು ಹಿಡಿದವರ ನೋವು, ಬಿಟ್ಟರೆ ಮತ್ತೆ ಇದ್ದವರದೇ. ಇದು ಯಾವ ಕಾಲದಿಂದಲೋ ಹೀಗೇ ಇದೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಕೇಳುವುದರ ಬದಲು ಎಲ್ಲರೂ ಅಂಗೈ ಬಚ್ಚಿಟ್ಟುಕೊಂಡು ಓಡಾಡುವುದನ್ನು ಕಲಿತಿದ್ದಾರೆ.

ಮಕ್ಕಳನ್ನು ರಸ್ತೆ ದಾಟಿಸುವಾಗ ಮಣಿಕಟ್ಟು ಹಿಡಿದು ದಾಟಿಸುತ್ತಾರೆ. ಮದುವೆಯಲ್ಲಿ ಧಾರೆಗೆ ಮುಂಚೆ ಪುರೋಹಿತರು "ಹಲ್ಲುನೋವು, ಹೊಟ್ಟೆನೋವು ಏನಾದರೂ ಉಂಟೋ?" ಅಂತ ಎರಡೂ ಕಡೆಯವರನ್ನು ಕೇಳುತ್ತಾರೆ. ಇಲ್ಲ ಅಂದರೂ ನಂಬಿಕೆ ಸಾಲದೆ ಗಂಡಿನ ಅಂಗೈಗೂ ಹೆಣ್ಣಿನ ಅಂಗೈಗೂ ನಡುವೆ ದಪ್ಪನೆಯ ವೀಳ್ಯದೆಲೆ ಇಡುತ್ತಾರೆ. ನನ್ನ ಚಿಕ್ಕಪ್ಪನ ಮದುವೆಯಲ್ಲಿ ಆ ಎಲೆ ಜಾರಿ ಬಿದ್ದು, ಮದುಮಗ ಹೊಟ್ಟೆ ಹಿಡಿದುಕೊಂಡು ಮಂಟಪದಲ್ಲೇ ಕುಸಿದ. ಹುಡುಗಿ ಮಾತ್ರ ಅವತ್ತು ಬೆಳಗಿನಿಂದ ಮೊದಲ ಸಲ ಮುಖ ಅರಳಿಸಿ ಸುತ್ತ ನೋಡಿದಳು. ಅಪೆಂಡಿಕ್ಸ್ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆಯವರು ಮೋಸ, ಮೋಸ ಅಂತ ಚಪ್ಪರ ಹಾರಿಹೋಗುವಂತೆ ಕೂಗಾಡಿದರು. ಅಷ್ಟು ನೋವಿಟ್ಟುಕೊಂಡು ಆ ಹೆಣ್ಣು ತಲೆ ಬಗ್ಗಿಸಿ ಕೂತಿತ್ತಲ್ಲ, ಪಾಪ, ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಆಸ್ಪತ್ರೆ ಅಂತ ಒಂದಿರುವುದರಿಂದ ಈ ಊರು ಇನ್ನೂ ಊರಾಗಿ ಉಳಿದಿದೆ. ಹೆತ್ತ ತಾಯಿ ನರಳುತ್ತಿದ್ದರೆ ಮಗ ಎರಡು ಹೆಜ್ಜೆ ಹಿಂದೆ ಸರಿದು "ಸಿಸ್ಟರ್, ಸಿಸ್ಟರ್, ಅಮ್ಮನ್ನ ಸ್ವಲ್ಪ ಹಿಡೀರಿ" ಅಂತ ಕೂಗುತ್ತಾನೆ. ಇಂಜೆಕ್ಷನ್ನು, ಮಾತ್ರೆ, ಡ್ರೆಸ್ಸಿಂಗು ಎಲ್ಲ ಊರಿನ ನರ್ಸುಗಳೂ ಮಾಡುತ್ತಾರೆ. ನಮ್ಮೂರಲ್ಲಿ ನರ್ಸ್ ಅಂದರೆ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಅಂಗೈ ಕೊಡುವವಳು. ನಾನೂ ಅದನ್ನೇ ಓದಿದವಳು. ನನ್ನ ಹೆಸರು ಸಾಕಮ್ಮ. ಹೆಣ್ಣುಮಕ್ಕಳು ಇನ್ನು ಸಾಕು ಅಂತ ನಮ್ಮಪ್ಪ ಇಟ್ಟ ಹೆಸರು, ಆಮೇಲೂ ಇಬ್ಬರು ಹುಟ್ಟಿದರು.

ಓದು ಮುಗಿಸಿದ ಹುಡುಗಿ ಯಾವ ವಾರ್ಡ್ ಹಿಡಿಯುತ್ತಾಳೆ ಅನ್ನುವುದು ನಮ್ಮಲ್ಲಿ ಅವಳೊಬ್ಬಳ ವಿಷಯವಲ್ಲ. ಒಮ್ಮೆ ಹಿಡಿದರೆ ನಿವೃತ್ತಿಯವರೆಗೂ ಅದೇ ವಾರ್ಡು, ಅದೇ ನೋವು. ಹಾಗಾಗಿ ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ ಅಜ್ಜಿಯರು, ಮಾವಂದಿರು, ಪಕ್ಕದ ಮನೆಯವರು ಎಲ್ಲ ಸೇರಿ ತೀರ್ಮಾನ ಮಾಡಿರುತ್ತಾರೆ. ಮದುವೆ ದಲ್ಲಾಳಿಯಂತೂ ಆಸ್ಪತ್ರೆಯ ಗೇಟಿನಲ್ಲೇ ನಿಂತಿರುತ್ತಾನೆ. ಕಣ್ಣಿನ ವಾರ್ಡಿನವಳಿಗೆ ಬ್ಯಾಂಕಿನ ಹುಡುಗ. ಚರ್ಮದ ವಾರ್ಡಿನವಳು ಸದಾ ಕೆರೆದುಕೊಳ್ಳುತ್ತಾಳೆ ಅಂತ ಸ್ಕೂಲ್ ಮೇಷ್ಟ್ರಿಗೆ ಸಾಕು. ಹೆರಿಗೆ ವಾರ್ಡಿನವಳನ್ನು ಕಂಡರೆ ಅತ್ತೆಯರಿಗೆ ಭಯ, ಅಲ್ಲಿ ಒಂದು ಮಳೆಗಾಲ ಕಳೆದವಳು ತನಗೆ ಮಕ್ಕಳೇ ಬೇಡ ಅಂದುಬಿಟ್ಟರೆ ಏನು ಗತಿ ಅಂತ. ಮೂಳೆ ವಾರ್ಡಿನವಳಿಗೆ ಎರಡನೇ ಸಂಬಂಧ. ಸುಟ್ಟಗಾಯದ ವಾರ್ಡಿನವಳ ಹೆಸರು ಹೇಳಿದರೆ ದಲ್ಲಾಳಿ ಕೊಡೆ ಬಿಚ್ಚಿಕೊಂಡು ಬೇರೆ ಕಡೆ ನೋಡುತ್ತಾನೆ. ಅದೇ ದಲ್ಲಾಳಿ ಹೋದ ವರ್ಷ ಒಲೆಯ ಮುಂದೆ ಪಂಚೆಗೆ ಬೆಂಕಿ ತಗುಲಿಸಿಕೊಂಡಾಗ ಅಲ್ಲಿಯ ಸಿಸ್ಟರ್ ಅಂಗೈ ಬಿಡದೆ ಮೂರು ದಿನ ಅಳುತ್ತ ಮಲಗಿದ್ದ. ವಾಸಿಯಾದ ಮೇಲೆ ಅವಳಿಗೊಂದು ಗಂಡು ಹುಡುಕಿದನೇ? ಎಲ್ಲಿಯ ಮಾತು.

ಇವೆಲ್ಲಕ್ಕಿಂತ ಮೇಲಿನ ಸೀಟು ಒಂದಿತ್ತು. ಮಲಗಿದವರ ವಾರ್ಡು. ತಲೆಗೆ ಪೆಟ್ಟು ಬಿದ್ದೋ, ಜ್ವರ ನೆತ್ತಿಗೇರಿಯೋ, ಕಣ್ಣು ಮುಚ್ಚಿ ಮತ್ತೆ ತೆರೆಯದೆ ವರ್ಷಗಟ್ಟಲೆ ಉಸಿರಾಡಿಕೊಂಡು ಮಲಗಿದ್ದವರು ಅಲ್ಲಿದ್ದರು. ನರಳುವುದಿಲ್ಲ, ಕರೆಯುವುದಿಲ್ಲ, ಹೊರಳುವುದಿಲ್ಲ. ನರಳದವರಿಗೆ ನೋವೆಲ್ಲಿಂದ ಬರಬೇಕು? ಹಾಗಂತ ಊರು ತೀರ್ಮಾನಿಸಿತ್ತು, ಡಾಕ್ಟರುಗಳೂ ತೀರ್ಮಾನಿಸಿದ್ದರು. ಆ ವಾರ್ಡಿನ ಸಿಸ್ಟರ್ ಬೆಳಗ್ಗೆ ಬಟ್ಟೆ ಸುತ್ತಿದ ಕೈಯಲ್ಲಿ ಅವರ ಮೈ ಒರೆಸಿ, ನಳಿಗೆಯಲ್ಲಿ ಗಂಜಿ ಬಿಟ್ಟು, ಮಗ್ಗುಲು ಬದಲಿಸಿದರೆ ಮುಗಿಯಿತು. ಅಂಗೈ ಕೊಡುವ ಕೆಲಸವೇ ಇಲ್ಲ. ಅಲ್ಲಿದ್ದ ಹಳೆಯ ಸಿಸ್ಟರ್ ತನ್ನ ಇಡೀ ಸರ್ವೀಸಿನಲ್ಲಿ ಸ್ವೆಟರ್ ಹೆಣೆದು ಹೆಣೆದು, ಬಿಸಿಲು ಕಾಯುವ ಈ ಊರಿನ ಡಾಕ್ಟರುಗಳಿಗೆಲ್ಲ ಒಂದೊಂದು ತೊಡಿಸಿದ್ದಳು. ಆಕೆ ನಿವೃತ್ತಿಯಾದಳು, ಸೀಟು ಖಾಲಿಯಾಯಿತು. ಊರಿನ ದೊಡ್ಡ ಮನೆಗಳಲ್ಲೆಲ್ಲ ಕುರ್ಚಿ ಸರಿದಾಡುವ ಸದ್ದು ಶುರುವಾಯಿತು.

ನಮ್ಮ ಬ್ಯಾಚಿನಲ್ಲಿ ಮೊದಲನೇ ಸ್ಥಾನ ಇಂದ್ರಾಣಿಗೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ಮೊದಲು ಬಂದವಳು ಮೊದಲು ಆರಿಸಿಕೊಳ್ಳಬೇಕು ಅನ್ನುವುದು ಪದ್ಧತಿ. ಅವಳು ಮಲಗಿದವರ ವಾರ್ಡೇ ಬೇಕು ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ಓದಿದವಳು, ಯಾರ ಕೈ ಹಿಡಿದರೂ ಹಲ್ಲು ಕಚ್ಚಿ ಕೂರುವ ಗಟ್ಟಿ ಹುಡುಗಿ, ಇವಳೂ ಸ್ವೆಟರ್ ಹೆಣೆಯುವುದಕ್ಕೆ ಹೊರಟಳಲ್ಲ ಅಂತ.

"ನಿಂಗೂ ಸುಖದ ಸೀಟೇ ಬೇಕಾಯ್ತೇನೆ?" ಅಂದೆ. "ಉಲ್ಲನ್ ದಾರ ನಾನೇ ತಂದ್ಕೊಡ್ತೀನಿ ಬಿಡು."

ಅವಳಿಗೆ ಕೋಪ ಬರಲಿಲ್ಲ. "ನಮ್ಮವ್ವ ಅಲ್ಲವ್ಳೆ ಕಣೆ, ಸಾಕಿ" ಅಂದಳು.

ಅದು ನನಗೆ ಗೊತ್ತಿತ್ತು. ಜವರಮ್ಮ ಅಂತ ಅವಳ ತಾಯಿ. ಇಂದ್ರಾಣಿ ಇನ್ನೂ ಲಂಗ ತೊಡುತ್ತಿದ್ದ ಕಾಲಕ್ಕೆ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಲು ಹೋಗಿ ಏಣಿಯಿಂದ ಬಿದ್ದವಳು, ಮತ್ತೆ ಕಣ್ಣು ಬಿಟ್ಟಿರಲಿಲ್ಲ. ಕಿಟಕಿ ಪಕ್ಕದ ಮಂಚ ಅವಳದು. "ಇದ್ರೆ ಏನು?" ಅಂದೆ. "ದಿನಾ ಹೋಗಿ ನೋಡ್ಕೊಂಡ್ ಬಾ. ಅದಕ್ಕೆ ವಾರ್ಡ್ ಯಾಕೆ ಹಿಡೀಬೇಕು?"

"ನಂಗೆ ನಮ್ಮವ್ವನ ಅಂಗೈ ಹೆಂಗದೆ ಅಂತ ಗೊತ್ತಿಲ್ಲ" ಅಂದಳು ಇಂದ್ರಾಣಿ. "ಚಿಕ್ಕೋಳಿದ್ದಾಗ ಮಣಿಕಟ್ಟು ಹಿಡ್ಕೊಂಡೇ ಓಡಾಡುಸ್ತಿದ್ಲು. ಬಿದ್ದ ಮೇಲೆ ನೋಡಕ್ಕೆ ಹೋದಾಗೆಲ್ಲ ಅಪ್ಪ ನನ್ನ ಮಣಿಕಟ್ಟು ಹಿಡ್ಕೊಂಡು ಬಾಗಿಲತ್ರಾನೆ ನಿಲ್ಲುಸ್ತಿತ್ತು. ಸಿಸ್ಟರ್ ಬುಟ್ಟು ಬೇರೆ ಯಾರೂ ಮುಟ್ಟಂಗಿಲ್ಲ ಅಂತ ರೂಲು. ಅದಕ್ಕೇ ನಾನು ಸಿಸ್ಟರಾದೆ. ನೋವಿಲ್ದಿರೋ ಕೈ ಅದೊಂದೇ ತಾನೆ ಈ ಊರಲ್ಲಿ, ಹೆದರಿಕೆ ಇಲ್ದೆ ಹಿಡ್ಕೊಂಡು ಕೂರ್ಬೋದು."

ಉಲ್ಲನ್ ದಾರದ ಮಾತನ್ನು ವಾಪಸ್ ತೆಗೆದುಕೊಂಡೆ. ಆಡಿದ ಮಾತು ವಾಪಸ್ ತೆಗೆದುಕೊಳ್ಳುವುದು ನನಗೆ ಅಪರೂಪ.

ಅದೇ ಸೀಟಿನ ಮೇಲೆ ಪುರಸಭೆ ಅಧ್ಯಕ್ಷ ಮರಿಬಸಪ್ಪನ ಕಣ್ಣೂ ಬಿದ್ದಿತ್ತು. ಅವನ ಮಗಳು ಮಂಜರಿ ನಮ್ಮ ಬ್ಯಾಚೇ. ಪರೀಕ್ಷೆಯಲ್ಲಿ ನನಗಿಂತ ಹಿಂದಿದ್ದವಳು ಅವಳೊಬ್ಬಳೇ, ಅದಕ್ಕೆ ನಾನು ಅವಳಿಗೆ ಋಣಿ. ಪ್ರಾಕ್ಟಿಕಲ್ ದಿನ ಗಂಟಲು ಕೆರೆತದವನ ಅಂಗೈ ಹಿಡಿಸಿದರೆ "ಅಪ್ಪಾಜೀ" ಅಂತ ಫೋನ್ ಮಾಡಿದ ಹುಡುಗಿ. ಮನೆಯಲ್ಲಿ ಕೂರಿಸೋಣ ಅಂದರೆ ಮರಿಬಸಪ್ಪನಿಗೆ ಮುಂದಿನ ಚುನಾವಣೆ ಹತ್ತಿರದಲ್ಲಿತ್ತು. ಮಗಳು ಜನರ ನೋವು ಹೊರುತ್ತಾಳೆ ಅಂತ ಭಾಷಣದಲ್ಲಿ ಹೇಳಿಕೊಳ್ಳಬೇಕಿತ್ತು, ಆದರೆ ಹೊರುವುದು ಬೇಡವಾಗಿತ್ತು.

ಒಂದು ಭಾನುವಾರ ನಾನು ಇಂದ್ರಾಣಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳಪ್ಪ ಬೋರಲಿಂಗಯ್ಯನಿಗೆ ಪುರಸಭೆಯ ಮಳಿಗೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಮುದ್ದೆ ಮುರಿಯುತ್ತಿದ್ದ ಹಾಗೇ ಆತ ಬಾಯಿ ಬಿಟ್ಟ.

"ಮಗಾ, ಅಧ್ಯಕ್ಷರು ಅಂಗಡಿ ತಾವ್ಕೇ ಬಂದಿದ್ರು. ಅವರ ಮಗಳಿಗೆ ಆ ವಾರ್ಡ್ ಬುಟ್ಕೊಡ್ಬೇಕಂತೆ. ನೀನು ಕಣ್ಣಿಂದು ಹಿಡ್ಕೊಂಬುಡು. ಅದೇನ್ ಕಮ್ಮಿಯಾ? ಬ್ಯಾಂಕಿನ ಹುಡ್ಗ ಸಿಕ್ತಾನೆ."

"ಅವ್ವ ಅಲ್ಲವ್ಳೆ ಅಲ್ವೇನಪ್ಪ."

"ನಿಮ್ಮವ್ವಂಗೆ ಪಕ್ಕದಲ್ಲಿ ಯಾರ್ ಕೂತ್ರೇನು, ಬುಟ್ರೇನು? ಅವ್ಳಿಗೇನ್ ಗೊತ್ತಾದದಾ? ಪುಣ್ಯಾತ್ಗಿತ್ತಿ, ಒಂದ್ ನೋವಿಲ್ಲ, ಒಂದ್ ಕಷ್ಟ ಇಲ್ಲ. ಬದ್ಕಿದ್ದಾಗ ಅವ್ಳ ಗೊರಕೆ ತಡೀನಾರ್ದೆ ನಾನು ಜಗಲಿ ಮ್ಯಾಲೆ ಬಂದು ಬಿದ್ಕೊತಿದ್ದೆ. ಈಗ ನೋಡು, ಎಷ್ಟು ತಣ್ಣಗೆ ಮಲಗವ್ಳೆ, ಉಸ್ರಿನ ಸದ್ದೂ ಇಲ್ಲ."

"ಈಗ್ಲೂ ಬದ್ಕವ್ಳೆ" ಅಂದಳು ಇಂದ್ರಾಣಿ.

"ನಾನೆಲ್ಲಿ ಇಲ್ಲ ಅಂದೆ?" ಬೋರಲಿಂಗಯ್ಯ ಸಾರಿನ ಬಟ್ಟಲು ನೋಡಿಕೊಂಡು ಹೇಳಿದ. "ಅಂಗಡಿ ಅವರ ಕೈಲದೆ ಮಗಾ. ಅರ್ಥ ಮಾಡ್ಕೊ."

ಕೆಟ್ಟ ಮನುಷ್ಯನಲ್ಲ ಬೋರಲಿಂಗಯ್ಯ. ಹಬ್ಬ ಬಂದರೆ ಮಲ್ಲಿಗೆ ಹೂವು ಕೊಂಡು ಆಸ್ಪತ್ರೆಗೆ ಹೋಗಿ, ಸಿಸ್ಟರ್ ಕೈಯಲ್ಲಿ ಹೆಂಡತಿಯ ದಿಂಬಿನ ಮೇಲೆ ಇರಿಸಿ, ತಾನು ಗೋಡೆ ಪಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಬರುತ್ತಿದ್ದ. ನಮ್ಮೂರಲ್ಲಿ ಪ್ರೀತಿ ಅಂದರೆ ಅಷ್ಟೇ ದೂರದಿಂದ ಮಾಡುವುದು. ಇಂದ್ರಾಣಿ ಎಲೆ ಬಿಟ್ಟೇಳಲಿಲ್ಲ, ಅಳಲಿಲ್ಲ. "ಆಗಲ್ಲ" ಅಂದಳು, ಮುದ್ದೆ ಮುಗಿಸಿದಳು.

ವಾರ್ಡ್ ಹಿಡಿಯುವ ದಿನ ನಮ್ಮಲ್ಲಿ ದೊಡ್ಡ ಸಂಭ್ರಮ. ರೇಷ್ಮೆ ಸೀರೆ ಉಟ್ಟ ತಾಯಂದಿರು, ಕೈಗೆ ಕರ್ಚೀಫು ಸುತ್ತಿಕೊಂಡ ಮಾವಂದಿರು, ಡಬ್ಬಿಗಳಲ್ಲಿ ಚಿತ್ರಾನ್ನ. ಹುಡುಗಿ ತಾನು ಆರಿಸಿಕೊಂಡ ವಾರ್ಡಿಗೆ ಹೋಗಿ ಒಬ್ಬ ರೋಗಿಯ ಪಕ್ಕ ಸ್ಟೂಲಿನ ಮೇಲೆ ಕೂತು ಅಂಗೈ ಹಿಡಿಯಬೇಕು. ಹೆಡ್ ಸಿಸ್ಟರ್ ಸುಲೋಚನಾಬಾಯಿ ಎದುರಿಗೆ ನಿಂತು ಒಂದು ಲೋಟ ಬಿಸಿ ಕಾಫಿ ಕುಡಿಯುತ್ತಾರೆ. ಅವರು ಲೋಟ ಖಾಲಿ ಮಾಡಿ ಕೆಳಗಿಡುವವರೆಗೆ ಹುಡುಗಿ ಕೈ ಬಿಡದೆ ಕೂತರೆ ವಾರ್ಡು ಅವಳದು. ಬಿಟ್ಟರೆ ಉಳಿದದ್ದರಲ್ಲಿ ಆರಿಸಿಕೊಳ್ಳಬೇಕು. ಹೆಡ್ ಸಿಸ್ಟರಿಗೆ ಬೇಕಾದ ಹುಡುಗಿಯಾದರೆ ನಾಲಿಗೆ ಸುಟ್ಟುಕೊಂಡು ಎರಡು ಗುಟುಕಿಗೆ ಮುಗಿಸುತ್ತಾರೆ. ಬೇಡದವಳಾದರೆ ಊದಿ ಊದಿ, ಕಿಟಕಿಯಾಚೆ ನೋಡಿ, "ಇವತ್ತು ಡಿಕಾಕ್ಷನ್ ಚೆನ್ನಾಗಿ ಇಳಿದಿದೆ" ಅಂತ ಆಯಾಗೆ ಹೇಳಿ, ಮತ್ತೆ ಊದುತ್ತಾರೆ. ನಾನು ಮೂಳೆ ವಾರ್ಡಿನಲ್ಲಿ ತೊಡೆ ಮುರಿದ ಲಾರಿ ಡ್ರೈವರನ ಕೈ ಹಿಡಿದು ಕೂತಾಗ ಸುಲೋಚನಾಬಾಯಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ತರಿಸಿಕೊಂಡಳು. ನಾನು ಮನಸ್ಸಿನಲ್ಲಿ ಅವಳ ಏಳು ತಲೆಮಾರಿಗೆ ಮಂಗಳಾರತಿ ಎತ್ತುತ್ತ ಕೂತೆ, ಕೈ ಬಿಡಲಿಲ್ಲ. ಮೂಳೆ ವಾರ್ಡು ನನಗಾಯಿತು, ನಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಲಗಿದವರ ವಾರ್ಡಿಗೆ ಮಾತ್ರ ಈ ಪರೀಕ್ಷೆಯ ರೂಢಿ ತಪ್ಪಿ ಯಾವ ಕಾಲವಾಗಿತ್ತೋ. ನೋವೇ ಇಲ್ಲದವರ ಕೈ ಹಿಡಿದು ತೋರಿಸುವುದಾದರೂ ಏನನ್ನು ಅಂತ, ಹುಡುಗಿ ಮಂಚದ ಕಂಬಿ ಮುಟ್ಟಿದರೆ ಸಾಕಾಗಿತ್ತು. ಹೆಡ್ ಸಿಸ್ಟರ್ ಅಲ್ಲಿ ಕಾಫಿಯನ್ನು ಆರಾಮವಾಗಿ ಕೂತು ಕುಡಿಯುತ್ತಿದ್ದರು.

ಉಳಿದ ವಾರ್ಡುಗಳ ಪರೀಕ್ಷೆ ಮುಗಿದು ಕೊನೆಗೆ ಆ ವಾರ್ಡಿನ ಸರದಿ ಬಂದಾಗ ಇಂದ್ರಾಣಿಯ ಹೆಸರು ಕರೆಯಬೇಕಿತ್ತು. ಆದರೆ ಸುಲೋಚನಾಬಾಯಿ ಗಂಟಲು ಸರಿಮಾಡಿಕೊಂಡು, "ಮಲಗಿದವರ ವಾರ್ಡಿಗೆ ಈ ಸಲ ಸೇವಾ ಮನೋಭಾವ ನೋಡಿ ಆಯ್ಕೆ ಮಾಡಿದೀವಿ. ಮಂಜರಿ ಮರಿಬಸಪ್ಪ" ಅಂದರು. ಮರಿಬಸಪ್ಪ ಎಲ್ಲರಿಗೂ ಕೈಮುಗಿದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ನಮ್ಮೂರವರು ಎತ್ತಿದ ಕೈ, ತಮ್ಮ ಅಂಗೈಗೆ ತಮ್ಮದೇ ಅಂಗೈ ತಾನೆ. ಚಪ್ಪಾಳೆ ತಟ್ಟಿದವರಲ್ಲಿ ಬೋರಲಿಂಗಯ್ಯನೂ ಇದ್ದ. ಮಗಳ ಕಡೆ ನೋಡದೆ, ಮೆತ್ತಗೆ, ಎರಡು ಸಲ.

ನಾನು ಇಂದ್ರಾಣಿಯ ಪಕ್ಕದಲ್ಲಿದ್ದೆ. "ಬಾಯಿ ಬಿಡೇ, ಕೇಳು" ಅಂತ ಪಕ್ಕೆಗೆ ತಿವಿದೆ. ಅವಳು ಹೆಡ್ ಸಿಸ್ಟರನ್ನೇ ನೋಡಿ, "ಮೊದ್ಲು ನಂದಲ್ವಾ ಸಿಸ್ಟರ್?" ಅಂದಳು.

"ನಿಮಗೆ ಕಣ್ಣಿನ ವಾರ್ಡ್ ಇಟ್ಟಿದೀವಲ್ಲಮ್ಮ. ಹಟ ಮಾಡಬಾರದು. ಸುಖದ ಕಡೆಗೆ ಅಷ್ಟು ಆಸೆ ಇರಬಾರದು ನರ್ಸಿಗೆ."

ಅಧ್ಯಕ್ಷನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆಡಿದ ಮಾತು ಇದು. ಕೇಳಿ ನನ್ನ ಮೈಯೆಲ್ಲ ಉರಿಯಿತು. ಇಂದ್ರಾಣಿ ಮಾತ್ರ ಎಲ್ಲರ ಹಿಂದೆ ವಾರ್ಡಿನೊಳಗೆ ಬಂದು, ಚಿಕ್ಕವಳಿದ್ದಾಗ ಅವಳನ್ನು ನಿಲ್ಲಿಸುತ್ತಿದ್ದ ಜಾಗದಲ್ಲೇ, ಬಾಗಿಲ ಹತ್ತಿರ ನಿಂತಳು.

ವಾರ್ಡು ತುಂಬಿಹೋಯಿತು. ಮಲಗಿದವರ ನೆಂಟರೆಲ್ಲ ಬಂದಿದ್ದರು, ಅಧ್ಯಕ್ಷ ಕರೆದಿದ್ದನಲ್ಲ. ತಮ್ಮ ತಮ್ಮವರ ಮಂಚದ ಕಾಲಕಡೆ ಸಾಲಾಗಿ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಮಂಜರಿ ಕಿಟಕಿ ಪಕ್ಕದ ಮಂಚಕ್ಕೆ ಬಂದು ಎರಡು ಬೆರಳಲ್ಲಿ ಕಂಬಿ ಮುಟ್ಟಿದಳು. ಹೆಡ್ ಸಿಸ್ಟರ್ ಲೋಟ ಎತ್ತಿದರು. ಆಗ ಮರಿಬಸಪ್ಪ ಕರೆಸಿದ್ದ ಫೋಟೋಗ್ರಾಫರ್ ತಲೆ ಅಲ್ಲಾಡಿಸಿದ.

"ಸಾರ್, ಇದು ಸರಿ ಬರಲ್ಲ. ಕಂಬಿ ಹಿಡ್ಕೊಂಡ್ರೆ ಬಸ್ಸಲ್ಲಿ ನಿಂತಂಗಿರ್ತದೆ. ಫ್ಲೆಕ್ಸಿಗೆ ಹಾಕ್ಬೇಕು ಅಂದ್ರಿ. ಮಲಗಿರೋ ಆಯಮ್ಮನ ಕೈ ಹಿಡಿಯಕ್ಕೆ ಹೇಳಿ, ಸಕತ್ತಾಗಿ ಬರ್ತದೆ."

"ಕರೆಕ್ಟು" ಅಂದ ಮರಿಬಸಪ್ಪ. "ಹಿಡ್ಕೊ ಪುಟ್ಟಿ. ಎರಡೂ ಕೈಲಿ ಹಿಡ್ಕೊ. ಸ್ವಲ್ಪ ದುಃಖ ಇರ್ಲಿ ಮುಖದಲ್ಲಿ."

ಮಂಜರಿ ಮುಖಕ್ಕೆ ದುಃಖ ತಂದುಕೊಂಡು, ಜವರಮ್ಮನ ಮಡಚಿದ ಬೆರಳು ಬಿಡಿಸಿ, ಅಂಗೈಗೆ ಅಂಗೈ ಇಟ್ಟಳು.

ಆ ಕೂಗನ್ನು ನಾನು ಹೇಗೆ ಹೇಳಲಿ? ಸುಟ್ಟಗಾಯದ ವಾರ್ಡಿನ ಪಕ್ಕದಲ್ಲೇ ಮೂರು ವರ್ಷ ಓದಿದವಳು ನಾನು, ಅಂಥ ಕೂಗು ಕೇಳಿರಲಿಲ್ಲ. ಸ್ಟೂಲು ಒಂದು ಕಡೆ, ಹುಡುಗಿ ಒಂದು ಕಡೆ ಬಿದ್ದಳು. ಕೈ ಬಿಟ್ಟ ಮೇಲೂ ನೆಲದ ಮೇಲೆ ಮಂಡಿ ಮಡಚಿಕೊಂಡು "ಬೇಡ ಅಪ್ಪಾಜೀ, ಬೇಡ ಬೇಡ" ಅಂತ ನಡುಗುತ್ತಿದ್ದಳು. ಅವಳನ್ನು ಕಂಡರೆ ಆಗದ ನಾನೂ ಪಾಪ ಅಂದೆ.

ನಮ್ಮ ಜನರ ಬುದ್ಧಿ ನೋಡಿ. ಏನಾಯಿತು ಅಂತ ಒಬ್ಬರಿಗೂ ಹೊಳೆಯಲಿಲ್ಲ, ಅಥವಾ ಹೊಳೆದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಮಗು, ನಿಶ್ಶಕ್ತಿ" ಅಂದ ಮರಿಬಸಪ್ಪ. "ಕಿಟಕಿಯಿಂದ ಶೀತಗಾಳಿ ಬರ್ತಿದೆ, ಅದೇ ಇರಬೇಕು" ಅಂದರು ಸುಲೋಚನಾಬಾಯಿ. ಹೊರಗೆ ಹಂಚು ಕಾಯುವ ಬಿಸಿಲು. ಯಾರೋ ನಿಂಬೆಹಣ್ಣು ತರಲು ಓಡಿದರು. ನೆಲದ ಮೇಲಿದ್ದ ಹುಡುಗಿಯನ್ನು ಎತ್ತಲು ಅವಳಪ್ಪನೇ ಅವಳ ಕಂಕುಳಿಗೆ ಕೈ ಹಾಕಿದ, ಅಂಗೈ ತಗುಲದ ಹಾಗೆ ನೋಡಿಕೊಂಡು.

ಇಂದ್ರಾಣಿ ಬಾಗಿಲಿನಿಂದ ನಡೆದು ಬಂದಳು. ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು, ಕೂತಳು. ಅವಳ ಮುಖ ಬಿಳಿಚಿಕೊಂಡಿತ್ತು. ಅವಳಿಗೆ ಎಲ್ಲ ಅರ್ಥವಾಗಿದೆ ಅಂತ ನನಗೆ ಆಗ ಗೊತ್ತಾಯಿತು, ನನಗೂ ಆಗಲೇ ಅರ್ಥವಾಯಿತು. ನೋವಿಲ್ಲದ ಕೈ ಅಂತ ಹೇಳಿಕೊಂಡು ಕನಸು ಕಂಡಿದ್ದಳಲ್ಲ, ಆ ಕೈ ಹಾಸಿಗೆಯ ಮೇಲೆ ಬೆರಳು ಮಡಚಿಕೊಂಡು ಬಿದ್ದಿತ್ತು. ಒಂದು ಗಳಿಗೆ ಅವಳೂ ಹೆದರಿದಳು. ತನ್ನ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಹಿಡಿದಳು.

ಕೂಗಲಿಲ್ಲ. ಮುಂದಕ್ಕೆ ಬಾಗಿ ಹಣೆಯನ್ನು ಮಂಚದ ಕಂಬಿಗೆ ಒತ್ತಿದಳು. ಕತ್ತಿನ ನರ ಉಬ್ಬಿ ಬಂದವು. "ಸೊಂಟ" ಅಂದಳು, ಹಲ್ಲುಗಳ ನಡುವಿಂದ. "ಸಾಕಿ, ಎಡಗಡೆ ಸೊಂಟ. ಮುರ್ದು ಹಂಗೇ ಬಿಟ್ಬಿಟ್ಟವ್ರೆ. ಕೂಡ್ಕೊಂಡಿಲ್ಲ. ಬಿದ್ದ ದಿನದಿಂದ ಹಂಗೇ ಅದೆ."

ಬಿದ್ದಾಗ ತಲೆಗೆ ಪೆಟ್ಟು ಅಂತ ತಲೆ ನೋಡಿದ್ದರು. ಸೊಂಟ ನೋಯುತ್ತದೆ ಅಂತ ಅವಳು ಹೇಳಲಿಲ್ಲ, ಆದ್ದರಿಂದ ಸೊಂಟ ನೋಡಲಿಲ್ಲ. ಅಂಗೈ ಹಿಡಿದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನೋವು ತಿಳಿಯುವ ಉಪಾಯ ಕೈಯಲ್ಲೇ ಇರುವ ಊರು, ಇಷ್ಟು ವರ್ಷ ಕೈ ಕಟ್ಟಿಕೊಂಡು ನಿಂತು ಪುಣ್ಯವಂತೆ, ಪುಣ್ಯವಂತೆ ಅಂದಿತ್ತು. ಮುರಿದ ಸೊಂಟದ ಆ ಹೆಂಗಸನ್ನು ದಿನಕ್ಕೆರಡು ಸಲ ಅದೇ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಿತ್ತು. ಇದಕ್ಕಿಂತ ದೊಡ್ಡ ಬೈಗುಳ ನನ್ನ ಹತ್ತಿರ ಇಲ್ಲ.

ಹೆಡ್ ಸಿಸ್ಟರ್ ಲೋಟ ಹಿಡಿದುಕೊಂಡು ಗೊಂಬೆಯ ಹಾಗೆ ನಿಂತಿದ್ದರು. ಇಂದ್ರಾಣಿ ಹಣೆ ಎತ್ತಿ ಅವರನ್ನು ನೋಡಿದಳು.

"ಕುಡೀರಿ ಸಿಸ್ಟರ್" ಅಂದಳು. "ಕಾಫಿ ಆರೋಯ್ತದೆ."

ಸುಲೋಚನಾಬಾಯಿ ಲೋಟವನ್ನು ತುಟಿಗೆ ತಂದರು. ಕುಡಿಯದೆ ಕೆಳಗಿಳಿಸಿದರು. ಮತ್ತೆ ತಂದರು. ಕಾಫಿ ಬಿಳಿ ಸೀರೆಯ ಮೇಲೆ ಚೆಲ್ಲಿತು. ಅಷ್ಟು ಹೊತ್ತೂ ಇಂದ್ರಾಣಿ ಹಿಡಿದೇ ಇದ್ದಳು. ನನಗೆ ತಡೆಯಲಾಗಲಿಲ್ಲ. "ಕುಡಿಯಮ್ಮಾ ತಾಯಿ!" ಅಂತ ಕಿರುಚಿದೆ. "ನಮ್ಮೆಲ್ಲರ ಹತ್ರ ಊದ್ಕೊಂಡು ಊದ್ಕೊಂಡು ಕುಡಿದ್ಯಲ್ಲ, ಈಗೇನಾಯ್ತು?" ಅಷ್ಟು ಜನರ ಎದುರು ಹೆಡ್ ಸಿಸ್ಟರಿಗೆ ಏಕವಚನ ಬಳಸಿದ್ದಕ್ಕೆ ಆಮೇಲೆ ನನಗೆ ಮೆಮೋ ಬಂತು, ಬರಲಿ. ಆಯಮ್ಮ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದು, ಲೋಟವನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟರು. ವಾರ್ಡು ಇಂದ್ರಾಣಿಯದಾಯಿತು.

ಅವಳು ಕೈ ಬಿಡಲಿಲ್ಲ.

ಆಗ ಆ ಸದ್ದು ಬಂತು. ಮೊದಲು ಸಣ್ಣಗೆ, ಮರ ಉಜ್ಜಿದ ಹಾಗೆ. ಯಾರೋ ಕುರ್ಚಿ ಎಳೆದರು ಅಂದುಕೊಂಡೆವು. ಆಮೇಲೆ ಜೋರಾಯಿತು. ಜವರಮ್ಮನ ಬಾಯಿ ತುಸು ತೆರೆದಿತ್ತು, ಹಣೆಯ ಗಂಟು ಬಿಚ್ಚಿತ್ತು, ಮೂಗಿನಿಂದ ದೊಡ್ಡ ಗೊರಕೆ ಹೊರಡುತ್ತಿತ್ತು. ಕಿಟಕಿಯ ಗಾಜು ಅದುರುವ ಗೊರಕೆ. ಮಲಗಿದವರ ವಾರ್ಡು ಅಂತ ಬೋರ್ಡು ಬರೆಸಿದ ದಿನದಿಂದ ಅಲ್ಲಿ ನಿಜವಾಗಿ ನಿದ್ದೆ ಮಾಡಿದವಳು ಅವಳೇ ಮೊದಲು.

ಆ ಗೊರಕೆ ಕೇಳುತ್ತ ಉಳಿದ ನೆಂಟರು ತಂತಮ್ಮವರ ಮಂಚದ ಕಡೆ ನೋಡಿದರು. ಅಲ್ಲಿ ಅವರವರ ಅಣ್ಣ, ಅತ್ತಿಗೆ, ಮಗಳು, ಸದ್ದಿಲ್ಲದೆ, ಬೆರಳು ಮಡಚಿಕೊಂಡು ಮಲಗಿದ್ದರು. ಈಗ ಒಬ್ಬರಾದರೂ ಕೈ ಮುಂದಕ್ಕೆ ತರುತ್ತಾರೆ ಅಂತ ಕಾದೆ. ಒಬ್ಬನಿಗೆ ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ನೆನಪಾಯಿತು. ಒಬ್ಬಳಿಗೆ ಒಲೆಯ ಮೇಲೆ ಬೇಳೆ ಇಟ್ಟು ಬಂದದ್ದು ನೆನಪಾಯಿತು. ಒಬ್ಬ ನಮ್ಮೆಲ್ಲರಿಗೂ ನಮಸ್ಕಾರ ಮಾಡಿ ಹೋದ, ಎಂಥ ಮರ್ಯಾದಸ್ಥ! ಮರಿಬಸಪ್ಪ ಮಗಳನ್ನು ನಡೆಸಿಕೊಂಡು ಹೋಗುತ್ತ ಕಣ್ಣಿನ ವಾರ್ಡಿನ ಬಗ್ಗೆ ಹೆಡ್ ಸಿಸ್ಟರ್ ಕಿವಿಯಲ್ಲಿ ಏನೋ ಹೇಳಿದ. ಫೋಟೋಗ್ರಾಫರ್ ಒಬ್ಬನೇ ಕೊನೆಯವರೆಗೆ ನಿಂತಿದ್ದ, ಅವನ ಕ್ಯಾಮೆರಾದ ಮುಚ್ಚಳ ಮಂಚದ ಕೆಳಗೆ ಹೋಗಿತ್ತು. ಮುಂದಿನ ವಾರ ಪುರಸಭೆ ಸಭೆ ಸೇರಿ ಆ ವಾರ್ಡಿನಲ್ಲಿ ರೋಗಿಗಳಿಗೆ ದಪ್ಪ ಕೈಗವಸು ತೊಡಿಸತಕ್ಕದ್ದು ಅಂತ ನಿರ್ಣಯ ಮಾಡಿತು, ರೋಗಿಗಳ ಹಿತದೃಷ್ಟಿಯಿಂದ. ಕೈಗವಸು ಬಂದವು. ನಾನೂ ಇಂದ್ರಾಣಿಯೂ ಅದರಲ್ಲಿ ಬೇಳೆ ಕಾಳು ತುಂಬಿಡುತ್ತೇವೆ.

ಅವತ್ತು ಬೋರಲಿಂಗಯ್ಯ ಮಾತ್ರ ಹೋಗಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡು, ಬಾಯಿ ಬಿಟ್ಟುಕೊಂಡು ಹೆಂಡತಿಯ ಗೊರಕೆ ಕೇಳುತ್ತಿದ್ದ. ಮಧ್ಯಾಹ್ನ ಇಳಿಯಿತು. ಇಂದ್ರಾಣಿಯ ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ನಾನು ಹಿಡಿಯುತ್ತೇನೆ ಅಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಅಪ್ಪಾ" ಅಂದಳು. "ಬೆಳಗ್ಗಿಂದ ನೀರೂ ಕುಡ್ದಿಲ್ಲ. ಒಂದ್ ಗಳಿಗೆ ಹೋಗ್ಬತ್ತೀನಿ. ಹಿಡ್ಕೊ."

ಬೋರಲಿಂಗಯ್ಯ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಹೆಡ್ ಸಿಸ್ಟರಿಂದ ಕಲಿತದ್ದು ಅದೊಂದು.

"ನಾನು ಸಿಸ್ಟರಲ್ಲ ಮಗಾ" ಅಂದ.

"ಅವಳೂ ಅಷ್ಟೇ, ಪೇಷೆಂಟಲ್ಲ. ನಿನ್ ಹೆಂಡ್ತಿ."

ಅವಳು ಕೈ ಬಿಟ್ಟು ಎದ್ದಳು. ಗೊರಕೆ ಅರ್ಧಕ್ಕೇ ನಿಂತುಹೋಯಿತು. ಜವರಮ್ಮನ ಹಣೆಯ ಮೇಲೆ ಗಂಟು ಮತ್ತೆ ಬಂದು ಕೂತಿತು, ಬೆರಳು ಮೆಲ್ಲಗೆ ಮಡಚಿಕೊಂಡವು. ವಾರ್ಡಿನಲ್ಲಿ ಮತ್ತೆ ಆ ಹಳೆಯ ಮೌನ. ಇಷ್ಟು ವರ್ಷ ಹಬ್ಬ ಹಬ್ಬಕ್ಕೂ ಬಂದು, ತಣ್ಣಗೆ ಮಲಗಿದ್ದಾಳೆ ಅಂತ ತೃಪ್ತಿಪಟ್ಟುಕೊಂಡು ಹೋಗುತ್ತಿದ್ದನಲ್ಲ, ಅದೇ ಮೌನ. ಬೋರಲಿಂಗಯ್ಯ ಅದನ್ನು ಎಷ್ಟು ಹೊತ್ತು ಕೇಳಿಸಿಕೊಂಡನೋ. ಇವನೂ ಸ್ಕೂಟರ್ ನೋಡಲು ಹೋಗುತ್ತಾನೆ ಅಂತ ನಾನು ಬೈಗುಳವನ್ನು ನಾಲಿಗೆ ತುದಿಯಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆತ ಬೆನ್ನ ಹಿಂದಿನ ಕೈಗಳನ್ನು ಬಿಡಿಸಿ ಮುಂದಕ್ಕೆ ತಂದ. ಗ್ರೀಸು ಹತ್ತಿದ, ಒರಟು ಕೈ. ಸ್ಟೂಲಿನ ಮೇಲೆ ಕೂತು, ಮದುವೆಯ ದಿನವೂ ಹಿಡಿಯದಿದ್ದ ಅಂಗೈಯನ್ನು ಹಿಡಿದ.

"ಅಯ್ಯಯ್ಯೋ ಜವರೀ" ಅಂತ ಮುದುಡಿದ. "ಇಷ್ಟೊಂದಾ? ಇಷ್ಟೊಂದು ನೋವಾ ನಿಂಗೆ?"

ಉತ್ತರವಾಗಿ ಗೊರಕೆ ಶುರುವಾಯಿತು. ಬೋರಲಿಂಗಯ್ಯ ನೋವಿಗೆ ಅಳುತ್ತಿದ್ದನೋ, ಗೊರಕೆಗೆ ಅಳುತ್ತಿದ್ದನೋ, ಕೈಯಂತೂ ಬಿಡಲಿಲ್ಲ. ಇಂದ್ರಾಣಿ ಬಾಗಿಲಲ್ಲಿ ಒಂದು ಕ್ಷಣ ನಿಂತು ಕೇಳಿ, ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, ನೀರು ಕುಡಿಯಲು ನಲ್ಲಿಯ ಕಡೆ ಹೋದಳು.